ಡಾಕ್ಟರೇಟಿನ ತರುವಾಯದ ವರ್ಷಗಳು

ಡಾಕ್ಟರೇಟ್ ಪದವಿಯೇ ವ್ಯಾಸಂಗದ ಕಡೆಯ ಮೆಟ್ಟಿಲೆಂಬ ಭಾವನೆ ನಮ್ಮವರಲ್ಲಿ ಆಳವಾಗಿ ಬೇರೂರಿದೆ. ಆದರೆ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕ್ಷೇತ್ರಗಳಲ್ಲಿ ಆ ಪದವಿಗೂ ಸ್ಥಿರವಾದ ಹುದ್ದೆಗೂ ನಡುವೆ ಕೆಲವು ವರ್ಷಗಳ ಸಂಶೋಧನಾವಧಿಯೊಂದುಂಟು. ಗುರುವಿನ ಮಾರ್ಗದರ್ಶನದಲ್ಲಿ ಬೆಳೆದ ವಿದ್ಯಾರ್ಥಿಯು ತನ್ನದೇ ಆದ ಪ್ರಶ್ನೆಯನ್ನು ಆರಿಸಿಕೊಳ್ಳುವ ಕಾಲವದು. ಆ ಅವಧಿಯ ಸ್ವರೂಪವು ಹೇಗೆ ಬದಲಾಯಿತೆಂಬುದನ್ನು ಕನ್ನಡ ನಾಡಿನ ಮೂವರು ವಿಜ್ಞಾನಿಗಳ ಜೀವನದಿಂದ ಅರಿಯಬಹುದು.

ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣನವರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು, 1949ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಹೋಮಿ ಭಾಭಾ ಅವರು 1945ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿ ಅದೇ ವರ್ಷ ಮುಂಬಯಿಗೆ ತಂದ ಸಂಸ್ಥೆಯಿದು. ಸಂಸ್ಥೆ ಹೊಸತು, ತರುಣರಿಗೆ ಸ್ಥಾನವು ಸಿದ್ಧವಾಗಿತ್ತು. ಬೆಂಗಳೂರಿನವರೇ ಆದ ಸಿ. ಎನ್. ಆರ್. ರಾವ್ ಅವರು 1958ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಪದವಿ ಪಡೆದು, ಬರ್ಕ್‌ಲಿಯಲ್ಲಿ ಅಲ್ಪಕಾಲ ಸಂಶೋಧನೆ ನಡೆಸಿ, 1959ರಲ್ಲಿಯೇ ಭಾರತೀಯ ವಿಜ್ಞಾನ ಮಂದಿರದ ಅಧ್ಯಾಪಕರಾದರು. ಆದರೆ ವಿದೇಶದಿಂದ ಮರಳಿದವರೆಲ್ಲರಿಗೂ ಇಂಥ ಭಾಗ್ಯವಿರಲಿಲ್ಲ. ಅಂಥವರಿಗೆ ತಾತ್ಕಾಲಿಕ ಆಶ್ರಯ ನೀಡಲೆಂದೇ 1958ರಲ್ಲಿ ಸರಕಾರವು ವಿಜ್ಞಾನಿಗಳ ‘ಪೂಲ್’ ಯೋಜನೆಯನ್ನು ಏರ್ಪಡಿಸಿತು.

ಮೂರನೆಯವರು ಸಿ. ವಿ. ವಿಶ್ವೇಶ್ವರ. 1968ರಲ್ಲಿ ಮೇರಿಲ್ಯಾಂಡಿನಲ್ಲಿ ಡಾಕ್ಟರೇಟ್ ಪಡೆದ ಅವರು ತರುವಾಯ ನ್ಯೂಯಾರ್ಕ್, ಬಾಸ್ಟನ್, ಪಿಟ್ಸ್‌ಬರ್ಗ್ ಎಂದು ಊರಿಂದೂರಿಗೆ ಸಾಗಿದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಅವರು ಬಂದುದು 1976ರಲ್ಲಿ. ಈ ಅಲೆದಾಟದ ಮೊದಲ ಹಂತದಲ್ಲಿ, ನ್ಯೂಯಾರ್ಕಿನಲ್ಲಿ, ಕೃಷ್ಣರಂಧ್ರವೊಂದಕ್ಕೆ ಗುರುತ್ವದ ಅಲೆ ಬಡಿದರೆ ಏನಾಗುವುದೆಂದು ಅವರು ಲೆಕ್ಕ ಹಾಕಿದರು. ಹೊಡೆದ ಗಂಟೆಯಂತೆ ಅದು ತನ್ನ ದ್ರವ್ಯರಾಶಿಗೆ ತಕ್ಕ ಶ್ರುತಿಯಲ್ಲಿ ಮಿಡಿದು, ಕ್ರಮೇಣ ಮೌನ ತಾಳುವುದೆಂದು ಕಂಡಿತು. ‘ನೇಚರ್’ ಪತ್ರಿಕೆಯಲ್ಲಿ 1970ರಲ್ಲಿ ಅದು ಪ್ರಕಟವಾಯಿತು. ಆಗ ಕೃಷ್ಣರಂಧ್ರದ ಅಸ್ತಿತ್ವವೇ ಸಂದೇಹಾಸ್ಪದವಾಗಿತ್ತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಗುರುತ್ವದ ಅಲೆಯನ್ನು ಮೊದಲ ಬಾರಿಗೆ ಗ್ರಹಿಸಿದಾಗ, ಎರಡು ಕೃಷ್ಣರಂಧ್ರಗಳು ಒಂದಾದ ಬಳಿಕ ಅದೇ ರೀತಿಯ ಮಿಡಿತ ಗೋಚರಿಸಿತು. ವಿಶ್ವೇಶ್ವರರು 2017ರ ಜನವರಿಯಲ್ಲಿ ನಿಧನರಾದರು. ತಮ್ಮ ಗಣನೆ ಫಲಿಸಿದುದನ್ನು ಅವರು ಕಂಡಿದ್ದರೆಂಬುದೇ ಸಮಾಧಾನ.

ನಲವತ್ತೈದು ವರ್ಷಗಳ ಬಳಿಕ ಕೈಗೂಡಿದ ಈ ಫಲವು ಖಾಯಂ ಹುದ್ದೆಯಲ್ಲಿ ಕುಳಿತವರಿಂದ ಬಂದುದಲ್ಲ. ಇಂದು ನಮ್ಮ ದೇಶದ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ಪಿನ ಅವಧಿ ಎರಡು ವರ್ಷ ಮಾತ್ರ. ಅಷ್ಟರಲ್ಲಿ ಲೇಖನಗಳನ್ನು ಪ್ರಕಟಿಸಬೇಕು, ಮುಂದಿನ ಸ್ಥಾನವನ್ನೂ ಹುಡುಕಬೇಕು. ದೀರ್ಘಕಾಲದ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವ ಧೈರ್ಯ ಎಷ್ಟು ಮಂದಿಗೆ ಬಂದೀತು?

ಧನಸಹಾಯದಷ್ಟೇ ಮನೆಯವರ ತಾಳ್ಮೆಯೂ ಈ ವಿಷಯದಲ್ಲಿ ಮುಖ್ಯ. ದಹಿಸರದ ಕನ್ನಡ ಮನೆಯ ತರುಣಿಗೆ ಪೊವಾಯಿಯ ಐಐಟಿಯಾಗಲಿ ಕೊಲಾಬಾದ ಟಾಟಾ ಸಂಸ್ಥೆಯಾಗಲಿ ನಗರದೊಳಗೇ ಇವೆ. ಡಾಕ್ಟರೇಟ್ ಮುಗಿಸಿ ಅಲ್ಲಿ ಸಂಶೋಧನೆಗೆ ಹೊರಟವಳನ್ನು ‘ಇನ್ನೂ ನೌಕರಿಯಾಗಲಿಲ್ಲವೇ’ ಎಂದು ಪ್ರಶ್ನಿಸುವ ಬದಲು, ‘ಯಾವ ಪ್ರಶ್ನೆಯನ್ನು ಹಿಡಿದಿದ್ದೀ’ ಎಂದು ಕೇಳುವುದು ವಿದ್ಯಾಭಿಮಾನಿಗಳಿಗೆ ಶೋಭಿಸುವ ಮಾತು.