ನಾಯಕನೂ ನಂಟನೂ

ಬಿಳಿಗಿರಿಯ ಸೋಲಿಗರು ತಮ್ಮ ಬೆಟ್ಟದ ರಂಗನಾಥನನ್ನು 'ಭಾವ' ಎಂದು ಕರೆಯುತ್ತಾರೆಂಬುದನ್ನು ತಾವು ಕೇಳಿರಬಹುದು. ಸ್ವಾಮಿಯು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಒಲಿದು ಕೈಹಿಡಿದನೆಂಬುದು ಅವರ ಕಥೆ. ಅಂದಿನಿಂದ ದೇವರು ಅವರ ಮನೆಯ ಅಳಿಯ. ಭಕ್ತಿಯ ಜೊತೆಗೆ ಸಲಿಗೆಯೂ ಉಂಟು, ಅವನನ್ನು ಕೇಳುವ ಹಕ್ಕೂ ಉಂಟು. ಈ ಕಥೆಯಲ್ಲಿ ಬೆಟ್ಟದ ಜನರ ಒಂದು ಅಳತೆಗೋಲು ಅಡಗಿದೆ. ಮೇಲೆ ನಿಂತು ಅಪ್ಪಣೆ ಮಾಡುವವನಿಗೆ ಜನ ಮೈ ಬಗ್ಗಿಸುತ್ತಾರೆ; ನಂಟನಾಗಿ ಬಂದವನಿಗೆ ಮನಸ್ಸನ್ನು ಕೊಡುತ್ತಾರೆ. ಜನರಿಂದ ಉತ್ತಮವಾದ ಕೆಲಸ ಹೊರಡುವುದು ಎರಡನೆಯ ಬಗೆಯ ನಾಯಕನಿಂದಲೇ ಎಂಬುದಕ್ಕೆ ಈ ಸೀಮೆಯ ಇತ್ತೀಚಿನ ಚರಿತ್ರೆ ಒಳ್ಳೆಯ ಸಾಕ್ಷಿಯನ್ನು ಒದಗಿಸುತ್ತದೆ.

ಅಪ್ಪಣೆಗೆ ಇಲ್ಲಿ ಎಂದೂ ಕೊರತೆಯಿರಲಿಲ್ಲ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಕೊಳ್ಳೇಗಾಲವಾದರೋ 1956ರ ನವೆಂಬರಿನವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಒಂದೇ ಮಳೆ, ಒಂದೇ ಮಾತು, ಒಂದೇ ಮಾದಪ್ಪನ ಪರಿಷೆ. ಆದರೂ ಆಳುವವರು ಬೇರೆ ಬೇರೆ, ಅವರಿದ್ದುದೂ ದೂರ ದೂರ. ಮುಂದೆ 1974ರಲ್ಲಿ ಬಿಳಿಗಿರಿಯ ಕಾಡು ವನ್ಯಜೀವಿಧಾಮವಾಯಿತು. ಕಾಡಿನಲ್ಲಿ ಚದರಿದ್ದ ಪೋಡುಗಳ ಸೋಲಿಗರು ಬೇಟೆಯನ್ನೂ ಕಾಡುಬೇಸಾಯವನ್ನೂ ಬಿಡಬೇಕಾಯಿತು. ಮೃಗಗಳನ್ನು ಉಳಿಸಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಆ ಕಾಡನ್ನು ತಲೆಮಾರುಗಳಿಂದ ಬಲ್ಲವರನ್ನು ಯಾರೂ ಕೇಳಲಿಲ್ಲ. ಹೊರಗಿನವನ ತಲೆ ಕಂಡರೆ ಒಳಗಾಡಿಗೆ ಸರಿದುಬಿಡುವುದು ಅವರಿಗೆ ರೂಢಿಯಾಯಿತು.

ಇಂಥ ಕಾಲದಲ್ಲಿ ಅಲ್ಲಿಗೆ ಬಂದವರು ಡಾಕ್ಟರ್ ಎಚ್. ಸುದರ್ಶನ್. ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದಿ, ರಾಮಕೃಷ್ಣ ಮಿಷನ್ನಿನಲ್ಲಿ ಸೇವೆ ಮಾಡಿದ್ದ ತರುಣರು. ಔಷಧದ ಚೀಲ ಹೊತ್ತು ಪೋಡಿನಿಂದ ಪೋಡಿಗೆ ನಡೆದರು. ರೋಗಿ ತಮ್ಮ ಬಳಿಗೆ ಬರಲೆಂದು ಕಾದು ಕೂರಲಿಲ್ಲ. ಸೋಲಿಗರ ನಾರುಬೇರಿನ ವಿದ್ಯೆಯನ್ನು ಹೀಯಾಳಿಸದೆ ಅದರಿಂದ ತಾವೂ ಕಲಿತರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿತು; ಕೆಲವೇ ಮಕ್ಕಳ ಶಾಲೆಯೊಂದು ಆರಂಭವಾಯಿತು.

ಇಷ್ಟಕ್ಕೇ ನಿಂತಿದ್ದರೆ ಅದು ಒಬ್ಬ ಪುಣ್ಯವಂತರ ಸೇವೆಯ ಕಥೆಯಾಗುತ್ತಿತ್ತು. ವಿಶೇಷವಿರುವುದು ಮುಂದಿನ ಹೆಜ್ಜೆಯಲ್ಲಿ. ಸೋಲಿಗರ ಹೆಣ್ಣುಮಕ್ಕಳೇ ದಾದಿಯರ ತರಬೇತಿ ಪಡೆದು ತಮ್ಮವರ ಹೆರಿಗೆ, ಆರೈಕೆಗಳನ್ನು ನೋಡಿಕೊಳ್ಳುವಂತಾದರು. ತಮ್ಮ ವಿಷಯವನ್ನು ತಾವೇ ಕೂತು ಮಾತಾಡಿ ತೀರ್ಮಾನಿಸಲು ಸೋಲಿಗರ ಸಂಘಗಳು ಎದ್ದವು. ನಾಚಿ ಮರೆಯಾಗುತ್ತಿದ್ದವರು ಅಧಿಕಾರಿಗಳ ಎದುರು ನಿಂತು ಅರ್ಜಿ ಓದಿದರು. ವೈದ್ಯರು ಕೊಟ್ಟುದು ಔಷಧವಷ್ಟೇ ಅಲ್ಲ, ಹೊಣೆಯನ್ನೂ ಕೊಟ್ಟರು. 'ನೀನು ಇದನ್ನು ಮಾಡಬಲ್ಲೆ' ಎಂದು ಬಾಯಲ್ಲಿ ಹೇಳುವುದು ಸುಲಭ. ಕೆಲಸವನ್ನು ಅವನ ಕೈಗಿತ್ತು ತಾನು ಒಂದು ಹೆಜ್ಜೆ ಹಿಂದೆ ಸರಿಯುವುದು ಕಷ್ಟ.

ಬೆಟ್ಟದ ಬುಡದ ಯಳಂದೂರು ತಾಲ್ಲೂಕಿನಲ್ಲಿ ಆಗ ಕುಷ್ಠರೋಗ ಬಹಳವಾಗಿ ಹರಡಿತ್ತು. 1986ರಲ್ಲಿ ಕರುಣಾ ಟ್ರಸ್ಟ್ ಸ್ಥಾಪನೆಯಾದುದು ಇದೇ ಕಾರಣದಿಂದ. ಸಾವಿರ ಜನರಲ್ಲಿ 21.4ರಷ್ಟಿದ್ದ ರೋಗ ಕಾಲಕ್ರಮದಲ್ಲಿ 0.28ಕ್ಕೆ ಇಳಿಯಿತು. ಮದ್ದು ಹೊಸದಾಗಿತ್ತು, ನಿಜ. ಆದರೆ ಕುಷ್ಠವನ್ನು ಮುಚ್ಚಿಡುವ ಮನೆಗೆ ಹೋಗಿ, ಮೈಮೇಲಿನ ಮಚ್ಚೆಯನ್ನು ತೋರಿಸುವಂತೆ ಒಪ್ಪಿಸಿ, ತಿಂಗಳುಗಟ್ಟಲೆ ಗುಳಿಗೆ ನುಂಗಿಸುವುದು ಮದ್ದಿನಿಂದ ಆಗುವ ಕೆಲಸವಲ್ಲ. ಅದು ಊರೂರು ತಿರುಗಿದ ಕಾರ್ಯಕರ್ತರ ಕೆಲಸ. 1994ರಲ್ಲಿ ಡಾಕ್ಟರ್ ಸುದರ್ಶನ್ ಮತ್ತು ಅವರ ಸಂಸ್ಥೆಗೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು. 2000ದಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದರ ಬೆಳಕಿನಲ್ಲಿ ಈ ಹೆಸರಿಲ್ಲದ ಕಾಲ್ನಡಿಗೆಯವರನ್ನೂ ನಾವು ಕಾಣಬೇಕು.

ಇನ್ನು ದಕ್ಷಿಣಪೂರ್ವಕ್ಕೆ, ಮಾದಪ್ಪನ ಬೆಟ್ಟದಾಚೆಗೆ ಬನ್ನಿ. ಕಾವೇರಿಯ ಬಳಿ, ತಮಿಳುನಾಡಿನ ಗಡಿಯಲ್ಲಿ ಗೋಪಿನಾಥಂ ಎಂಬ ಊರಿದೆ. ಆಗ ಕೊಳ್ಳೇಗಾಲ ತಾಲ್ಲೂಕು, ಈಗ ಹನೂರು ತಾಲ್ಲೂಕು. ದಂತಚೋರ, ಗಂಧಚೋರ ವೀರಪ್ಪನ್ ಹುಟ್ಟಿದ ಊರು ಅದು. ಅಲ್ಲಿನ ಬಡವರಿಗೆ ಅವನ ಕೂಲಿಯೇ ಜೀವನ. ಖಾಕಿ ಬಟ್ಟೆ ಕಂಡರೆ ಭಯ. ಭಾರತೀಯ ಅರಣ್ಯ ಸೇವೆಯ ಅಧಿಕಾರಿ ಪಿ. ಶ್ರೀನಿವಾಸ್ ಆ ಊರನ್ನು ಶತ್ರುವಿನ ಪಾಳೆಯವೆಂದು ಎಣಿಸಲಿಲ್ಲ. ಆಂಧ್ರದ ರಾಜಮಹೇಂದ್ರಿಯಿಂದ ಬಂದ ಅವರು ಊರಿಗೆ ಕುಡಿಯುವ ನೀರು, ಮನೆ, ಔಷಧೋಪಚಾರಗಳಿಗಾಗಿ ದುಡಿದರು. ಮಾರಿಯಮ್ಮನ ಗುಡಿಯನ್ನು ಕಟ್ಟಿಸಿದರು. ವೀರಪ್ಪನ್ ಕಡೆಯ ಹಲವರು ಅವರ ಮಾತಿಗೆ ಒಪ್ಪಿ ಶರಣಾದರು. ಬಂದೂಕಿಗೆ ಬಗ್ಗದವರು ಭರವಸೆಗೆ ಬಗ್ಗಿದರು.

ಆ ನಂಬಿಕೆಯೇ ಅವರ ಪ್ರಾಣವನ್ನೂ ತೆಗೆದುಕೊಂಡಿತು. ವೀರಪ್ಪನ್ ಶರಣಾಗುತ್ತಾನೆಂಬ ಮಾತನ್ನು ನಂಬಿ ಆಯುಧವಿಲ್ಲದೆ ಕಾಡಿಗೆ ನಡೆದ ಶ್ರೀನಿವಾಸ್ 1991ರ ನವೆಂಬರ್ 10ರಂದು ಕೊಲೆಯಾದರು. ಮರುವರ್ಷ ಅವರಿಗೆ ಮರಣೋತ್ತರ ಕೀರ್ತಿಚಕ್ರ ಸಂದಿತು.

ಹಾಗಾದರೆ ನಂಟನಾಗಿ ನಡೆದುಕೊಂಡುದು ತಪ್ಪಾಯಿತೇ ಎಂದು ತಾವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ನಂಬಿದವನು ಎಚ್ಚರವನ್ನು ಬಿಡಬಾರದೆಂಬುದು ಈ ಸಾವಿನ ಒಂದು ಪಾಠ, ಸಂದೇಹವಿಲ್ಲ. ಆದರೆ ಅವರನ್ನು ಕೊಂದುದು ಊರಿನ ಜನವಲ್ಲ. ಆ ಜನ ಅವರನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಮಾರಿಯಮ್ಮನ ಗುಡಿಯಲ್ಲಿ ಅವರ ಚಿತ್ರಕ್ಕೂ ಗೌರವ ಸಲ್ಲುತ್ತದೆ. ಪದವಿಯಿಂದ ಬಂದ ಮರ್ಯಾದೆ ವರ್ಗಾವಣೆಯ ಕಾಗದದೊಡನೆ ಮುಗಿಯುತ್ತದೆ. ಇದು ಆ ಬಗೆಯದಲ್ಲ.

ಒಬ್ಬರು ವೈದ್ಯರು, ಇನ್ನೊಬ್ಬರು ಸರಕಾರದ ಅಧಿಕಾರಿ. ಇಬ್ಬರೂ ಹೊರಗಿನಿಂದ ಬಂದವರು. ಒಂದೇ ದಶಕದಲ್ಲಿ, ನೆರೆಹೊರೆಯ ಬೆಟ್ಟಗಳಲ್ಲಿ ದುಡಿದವರು. ಜನರನ್ನು ಹುರಿದುಂಬಿಸುವ ಭಾಷಣವನ್ನು ನೆಚ್ಚಿದವರಲ್ಲ. ಜನರ ಬಳಿಗೆ ತಾವೇ ಹೋದರು. ಮೊದಲು ಅವರ ಅಗತ್ಯವನ್ನು ಕೇಳಿದರು. ಅವರು ಒಳ್ಳೆಯದನ್ನು ಮಾಡಬಲ್ಲರೆಂದು, ಮಾಡುವುದಕ್ಕೆ ಮುಂಚೆಯೇ ನಂಬಿದರು. ತನ್ನನ್ನು ನಂಬಿದವನ ನಂಬಿಕೆಯನ್ನು ಉಳಿಸಬೇಕೆಂಬ ಛಲಕ್ಕಿಂತ ಬಲವಾದ ಪ್ರೇರಣೆ ಮನುಷ್ಯನಿಗೆ ಬೇರೊಂದಿಲ್ಲ.

ನಾಯಕನ ಕಡೆಯ ಪರೀಕ್ಷೆ ನಡೆಯುವುದು ಅವನಿಲ್ಲದ ಜಾಗದಲ್ಲಿ. ಬಿಳಿಗಿರಿಯ ಕಾಡು ಹುಲಿಗಳ ರಕ್ಷಿತಾರಣ್ಯವೆಂದು ಘೋಷಿತವಾದ ಕಾಲದಲ್ಲಿ ಸೋಲಿಗರಿಗೆ ಮತ್ತೆ ನೆಲೆ ತಪ್ಪುವ ಅಂಜಿಕೆ ಬಂತು. ಈ ಸಲ ಅವರು ಒಳಗಾಡಿಗೆ ಸರಿಯಲಿಲ್ಲ. 2006ರ ಅರಣ್ಯಹಕ್ಕು ಕಾನೂನನ್ನು ಹಿಡಿದು ತಾವೇ ಸಭೆ ಸೇರಿದರು, ಅರ್ಜಿ ಹಾಕಿದರು, ವಾದಿಸಿದರು. 2011ರ ಗಾಂಧೀಜಯಂತಿಯಂದು ಅವರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯಹಕ್ಕು ಲಭಿಸಿತು. ಹುಲಿಗಳ ರಕ್ಷಿತಾರಣ್ಯವೊಂದರ ಒಳಗೆ ಇಂಥ ಹಕ್ಕು ದೊರೆತುದು ದೇಶದಲ್ಲಿ ಅದೇ ಮೊದಲು. ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರಾದ ಸಿ. ಮಾದೇಗೌಡರು ಸೋಲಿಗರೇ, ತಮ್ಮ ಜನಾಂಗದಲ್ಲಿ ಮೊದಲು ಡಾಕ್ಟರೇಟ್ ಪದವಿ ಗಳಿಸಿದವರು.

ನಮ್ಮಲ್ಲಿ ಯಾರಾದರೂ ಶಾಲೆಯನ್ನೋ ಕಚೇರಿಯನ್ನೋ ಪಂಚಾಯಿತಿಯನ್ನೋ ನಡೆಸುವವರಿದ್ದರೆ ಒಂದು ಮಾತನ್ನು ತಮ್ಮಷ್ಟಕ್ಕೆ ಕೇಳಿಕೊಳ್ಳಬಹುದು: ನಾವು ಇಲ್ಲದ ದಿನ ನಮ್ಮ ಜನ ಕೈಕಟ್ಟಿ ನಿಲ್ಲುವರೋ, ಕೈಹಾಕಿ ದುಡಿಯುವರೋ? ದೇವರನ್ನೇ ಭಾವನೆಂದು ಕರೆದ ಸೋಲಿಗರು ಮನುಷ್ಯನಲ್ಲಿಯೂ ಹುಡುಕಿದುದು ಆ ನಂಟನ್ನೇ. ಅದು ಸಿಕ್ಕಿದ ಕಡೆ ಅವರು ಏನನ್ನು ಮಾಡಿ ತೋರಿಸಿದರೆಂಬುದು ಈಗ ಚರಿತ್ರೆಗೆ ಸೇರಿದೆ.