ಜೊತೆಗೆ ಸೇದಿದವರು ಜೊತೆಗೇ ಬಿಡುವ ದಾರಿ

ನವಿ ಮುಂಬಯಿಯ ಐರೋಲಿ ಐಟಿ ಪಾರ್ಕಿನ ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಟಪರಿ. ಕಟಿಂಗ್ ಚಹಾದ ಗ್ಲಾಸುಗಳು, ಬರಣಿಯಲ್ಲಿ ಖಾರಿ ಬಿಸ್ಕತ್ತು, ಕಂಬಕ್ಕೆ ದಾರದಲ್ಲಿ ಕಟ್ಟಿ ಇಳಿಬಿಟ್ಟ ಲೈಟರು. ಡೊಂಬಿವಲಿಯಿಂದ, ಕಲ್ಯಾಣದಿಂದ ಲೋಕಲ್ ಹಿಡಿದು, ಥಾಣೆಯಲ್ಲಿ ಗಾಡಿ ಬದಲಿಸಿ ಬಂದ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು ಊಟ ಮುಗಿಸಿ ಇಲ್ಲಿ ಸೇರುತ್ತಾರೆ. ಒಬ್ಬ ಹಚ್ಚುತ್ತಾನೆ. ಇನ್ನೊಬ್ಬ ‘ಅರ್ಧ ಬಿಡೋ’ ಎನ್ನುತ್ತಾನೆ. ಮೂರನೆಯವನಿಗೆ ಸೇದುವ ಅಭ್ಯಾಸವಿಲ್ಲ, ಮಾತಿಗೆಂದು ನಿಂತಿರುತ್ತಾನೆ. ಎಷ್ಟೋ ಸಲ ಆ ಮೂರನೆಯವನೂ ಹೆಚ್ಚು ದಿನ ಬರಿಗೈಯಲ್ಲಿ ಉಳಿಯುವುದಿಲ್ಲ.

ಹರೆಯದವರ ಸಿಗರೇಟು ಹೊತ್ತಿಕೊಳ್ಳುವುದೇ ಗುಂಪಿನಲ್ಲಿ. ಅದನ್ನು ಬಿಡಿಸಲು ಹೊರಟ ವೈದ್ಯಕೀಯ ಮಾತ್ರ ಬಹುಕಾಲ ಒಬ್ಬೊಬ್ಬನನ್ನೇ ಕೂರಿಸಿ ಬುದ್ಧಿ ಹೇಳಿತು. ಗುಂಪಿನ ಕಡೆ ಅದು ಕಣ್ಣು ಹೊರಳಿಸಿದ್ದು ತಡವಾಗಿ.

ಮೊದಲು ಆಗಬೇಕಾಗಿದ್ದ ಕೆಲಸ ಹೊಗೆಯ ಕೇಡನ್ನು ಸಾಬೀತು ಮಾಡುವುದು. ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. ಐದೇ ವರ್ಷಕ್ಕೆ, 1955ರಲ್ಲಿ, ಮುಂಬಯಿಯ ಸಾಂಘ್ವಿ, ರಾವ್ ಮತ್ತು ಖಾನೋಲ್ಕರ್ ಅವರು ಸೇದುವ ಹಾಗೂ ಜಗಿಯುವ ತಂಬಾಕಿಗೂ ಬಾಯಿ, ಗಂಟಲಿನ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 1960ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಹೊರಟ ಫಲಿ ಮೆಹ್ತಾ ಅವರ ತಂಡ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಜನರ ಬಾಯಿ ಪರೀಕ್ಷಿಸಿತು. ಆ ತಂಡದಲ್ಲಿದ್ದ ಪ್ರಕಾಶ್ ಗುಪ್ತಾ ಮುಂದೆ ನವಿ ಮುಂಬಯಿಯಲ್ಲಿ ಹೀಲಿಸ್ ಸೇಖ್ಸಾರಿಯಾ ಸಾರ್ವಜನಿಕ ಆರೋಗ್ಯ ಸಂಸ್ಥೆಯನ್ನು ಕಟ್ಟಿದರು. ಖಾರ್‌ಘರ್‌ನಲ್ಲಿ ಟಾಟಾ ಮೆಮೋರಿಯಲ್ ಕೇಂದ್ರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆ್ಯಕ್ಟ್ರೆಕ್ ಇದೆ. ತಂಬಾಕಿನ ಬಗ್ಗೆ ದೇಶದಲ್ಲೇ ಗಟ್ಟಿಯಾದ ತಿಳಿವಳಿಕೆ ಈ ಹುಡುಗರ ಟಪರಿಯಿಂದ ಒಂದು ಲೋಕಲ್ ಪಯಣದಷ್ಟು ದೂರದಲ್ಲಿದೆ ಎಂದಾಯಿತು.

ಆಮೇಲೆ ಬಂದದ್ದು ಔಷಧ. ಸ್ವೀಡನ್ನಿನ ಜಲಾಂತರ್ಗಾಮಿಗಳಲ್ಲಿ ಸಿಗರೇಟು ಹಚ್ಚುವಂತಿರಲಿಲ್ಲ. ನಾವಿಕರು ಬಾಯಿಯ ತಂಬಾಕಿನಿಂದಲೇ ಚಟ ತಣಿಸಿಕೊಳ್ಳುತ್ತಿದ್ದರು. ಹೊಗೆ ಇಲ್ಲದೆಯೂ ನಿಕೋಟಿನ್ ಕೊಟ್ಟು ಚಪಲ ಇಳಿಸಬಹುದು ಎಂಬ ಸುಳಿವು ಅಲ್ಲಿಂದ ಸಿಕ್ಕಿ, ಓವೆ ಫರ್ನೋ ಎಂಬ ವಿಜ್ಞಾನಿ ನಿಕೋಟಿನ್ ಗಮ್ ತಯಾರಿಸಿದರು. 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದಕ್ಕೆ ಮೊದಲ ಪರವಾನಗಿ ದೊರೆಯಿತು. ಈಗ 2 ಮಿಲಿಗ್ರಾಂ ಗಮ್ ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಚೀಟಿಯಿಲ್ಲದೆಯೇ ಸಿಗುತ್ತದೆ. ಮೈಯ ಚಡಪಡಿಕೆಯನ್ನು ಅದು ನಿಜವಾಗಿ ತಗ್ಗಿಸುತ್ತದೆ. ಆದರೆ ‘ಬಾರೋ, ಚಹಾಕ್ಕೆ ಹೋಗೋಣ’ ಎಂಬ ಕರೆಗೆ ಗಮ್‌ನಲ್ಲಿ ಉತ್ತರವಿಲ್ಲ.

ಭಾರತದಲ್ಲಿ ತಂಬಾಕು ಬಿಡಿಸುವ ಚಿಕಿತ್ಸಾಲಯಗಳು ಶುರುವಾದದ್ದು 2002ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ತೆರೆದ 13 ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು, ಮುಂಬಯಿಯ ಟಾಟಾ ಮೆಮೋರಿಯಲ್ ಇನ್ನೊಂದು. ದೊಡ್ಡ ಹೆಜ್ಜೆಯೇ ಅದು. ಆದರೆ ಇಪ್ಪತ್ತೆರಡರ ಹುಡುಗ ತನ್ನನ್ನು ರೋಗಿ ಎಂದುಕೊಂಡಿರುವುದಿಲ್ಲ. ಕೆಮ್ಮಿಲ್ಲ, ಏದುಸಿರಿಲ್ಲ, ಕ್ಯಾನ್ಸರ್ ಆಸ್ಪತ್ರೆಯ ಮೆಟ್ಟಿಲು ಏಕೆ ಹತ್ತಬೇಕು? ಬಿಟ್ಟರೆ ಎಲ್ಲರಿಗಿಂತ ಹೆಚ್ಚು ಲಾಭ ಅವನಿಗೇ ಎಂಬುದು ಇಲ್ಲಿನ ಸಂಕಟ. ಪ್ರಭಾತ್ ಝಾ ಮತ್ತು ಸಂಗಡಿಗರು 2013ರಲ್ಲಿ ಅಮೆರಿಕದ ಅಂಕಿಅಂಶಗಳಿಂದ ಕಂಡುಕೊಂಡಂತೆ, 25ರಿಂದ 34ರ ವಯಸ್ಸಿನೊಳಗೆ ಬಿಟ್ಟವರಿಗೆ, ಸೇದುತ್ತಲೇ ಉಳಿದವರಿಗೆ ಹೋಲಿಸಿದರೆ, ಸುಮಾರು ಹತ್ತು ವರ್ಷದ ಆಯುಸ್ಸು ಹೆಚ್ಚು.

ಗೆಳೆಯರ ಬಲವನ್ನು ಲೆಕ್ಕಕ್ಕೆ ತೆಗೆದುಕೊಂಡ ಪ್ರಯೋಗಗಳು ಮೊದಲು ಶಾಲೆಗಳಲ್ಲಿ ನಡೆದವು. ದೆಹಲಿ ಮತ್ತು ಚೆನ್ನೈಯ 32 ಶಾಲೆಗಳಲ್ಲಿ ನಡೆದ ‘ಮೈತ್ರಿ’ ಯೋಜನೆಯಲ್ಲಿ ತರಗತಿಯ ಮಕ್ಕಳೇ ಮುಂದಾಳುಗಳಾಗಿ ಪಾಠ ನಡೆಸಿದರು. ಬ್ರಿಟನ್ನಿನಲ್ಲಿ ನಡೆದ ‘ಅಸಿಸ್ಟ್’ ಎಂಬ ಪ್ರಯೋಗ ಇನ್ನೂ ಜಾಣತನದ್ದು. ಮುಂದಾಳುಗಳನ್ನು ಮೇಷ್ಟ್ರು ಆರಿಸಲಿಲ್ಲ. ‘ನೀವು ಯಾರ ಮಾತು ಕೇಳುತ್ತೀರಿ?’ ಎಂದು ಮಕ್ಕಳನ್ನೇ ಕೇಳಲಾಯಿತು. ಹಾಗೆ ಆರಿಸಿ ಬಂದವರು ಭಾಷಣ ಬಿಗಿಯಲಿಲ್ಲ, ಆಟದ ಬಯಲಲ್ಲಿ, ಬಸ್ಸಿನಲ್ಲಿ ಮಾತಿನ ನಡುವೆ ವಿಷಯ ತಂದರು. 59 ಶಾಲೆಗಳ ಈ ಪ್ರಯೋಗದ ಫಲಿತಾಂಶ 2008ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಸೇದುವ ಸಂಭವ ಮುಂದಾಳುಗಳಿದ್ದ ಶಾಲೆಗಳಲ್ಲಿ ಐದನೇ ಒಂದು ಪಾಲಿಗಿಂತ ತುಸು ಹೆಚ್ಚೇ ತಗ್ಗಿತ್ತು.

ಅದೇ ವರ್ಷ ಬಂದ ಇನ್ನೊಂದು ಅಧ್ಯಯನವನ್ನು ನಿಧಾನವಾಗಿ ನೋಡಬೇಕು. ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನ ಆರೋಗ್ಯ ದಾಖಲೆಗಳನ್ನು ಹಿಡಿದು, 1971ರಿಂದ 2003ರವರೆಗೆ 12,067 ಜನರಲ್ಲಿ ಯಾರು ಯಾರಿಗೆ ಗೆಳೆಯ, ಯಾರು ಯಾವಾಗ ಸಿಗರೇಟು ಬಿಟ್ಟರು ಎಂಬ ನಕ್ಷೆ ಬಿಡಿಸಿದರು. ಜನ ಒಬ್ಬೊಬ್ಬರಾಗಿ ಬಿಟ್ಟಿರಲಿಲ್ಲ, ಗುಂಪುಗುಂಪಾಗಿ ಬಿಟ್ಟಿದ್ದರು. ಗಂಡ ಅಥವಾ ಹೆಂಡತಿ ಬಿಟ್ಟರೆ ಸಂಗಾತಿ ಸೇದುವ ಸಂಭವ ಶೇ. 67ರಷ್ಟು ಇಳಿದಿತ್ತು, ಗೆಳೆಯ ಬಿಟ್ಟರೆ ಶೇ. 36, ಚಿಕ್ಕ ಕಚೇರಿಯ ಸಹೋದ್ಯೋಗಿ ಬಿಟ್ಟರೆ ಶೇ. 34. ಒಡಹುಟ್ಟಿದವರು ಬಿಟ್ಟರೆ ಶೇ. 25 ಮಾತ್ರ. ಅಣ್ಣನ ಮಾತಿಗಿಂತ ಪಕ್ಕದ ಟೇಬಲ್ಲಿನವನ ನಡತೆಗೆ ತೂಕ ಹೆಚ್ಚು! ಐರೋಲಿಯ ಟಪರಿ ನೋಡಿದವರಿಗೆ ಇದು ಹೊಸತೆನಿಸದು.

ಮುಂಬಯಿಯಲ್ಲೂ ಇಂಥ ಹುಡುಗರ ಬಳಿಗೆ ಹೋದವರಿದ್ದಾರೆ. ಟಾಟಾ ಮೆಮೋರಿಯಲ್‌ನ ಗೌರವಿ ಮಿಶ್ರಾ ಮತ್ತು ತಂಡ ನಾಲ್ಕು ಕಾಲ್ ಸೆಂಟರುಗಳ 646 ನೌಕರರ ನಡುವೆ ಕೆಲಸ ಮಾಡಿ 2010ರಲ್ಲಿ ವರದಿ ಬರೆಯಿತು. ಅವರಲ್ಲಿ ಶೇ. 41 ಮಂದಿಗೆ ತಂಬಾಕಿನ ಚಟ, ಹೆಚ್ಚಿನದು ಸಿಗರೇಟು. ಒಂದೊಂದು ಕಡೆ ಒಂದೊಂದು ಬಗೆಯ ನೆರವು ಕೊಟ್ಟು ನೋಡಿದಾಗ, ಬಿಟ್ಟವರ ಪ್ರಮಾಣ ಸುಮಾರು ಶೇ. 20. ಔಷಧ ಪಡೆದ ಕಡೆ ಸಿಗರೇಟಿನ ಎಣಿಕೆ ಚೆನ್ನಾಗಿ ಇಳಿಯಿತು, ಪೂರ್ತಿ ಬಿಟ್ಟವರು ಮಾತ್ರ ಹೆಚ್ಚಲಿಲ್ಲ. ತಂಡಕ್ಕೆ ಎದುರಾದ ದೊಡ್ಡ ತೊಡಕು ಬೇರೆಯೇ: ಈ ಹುಡುಗರು ಬೇಗಬೇಗ ಕೆಲಸ ಬದಲಿಸುತ್ತಾರೆ, ಬೆನ್ನು ಹತ್ತುವುದೇ ಕಷ್ಟ. ಕಂಪನಿಗೆ ಕಟ್ಟಿದ ನೆರವು ಕಂಪನಿ ಬಿಟ್ಟೊಡನೆ ಕಡಿದುಹೋಗುತ್ತದೆ.

ಫೋನು ಈ ತೊಡಕಿಗೆ ಸ್ವಲ್ಪ ಮದ್ದಾಯಿತು. 2016ರಲ್ಲಿ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ, ರಾಷ್ಟ್ರೀಯ ಕ್ವಿಟ್‌ಲೈನ್, ಬಂತು; ಮುಂದೆ ನಿಮ್ಹಾನ್ಸ್ ಮತ್ತು ಟಾಟಾ ಮೆಮೋರಿಯಲ್ ಕೂಡ ಜೊತೆಗೂಡಿ ಪ್ರಾದೇಶಿಕ ಭಾಷೆಗಳಲ್ಲಿ ಸಲಹೆ ದೊರೆಯತೊಡಗಿತು. ಅಮೆರಿಕದಲ್ಲಿ ಹರೆಯದವರಿಗೆಂದೇ ಮಾಡಿದ ಒಂದು ಸಂದೇಶ ಸೇವೆಯಲ್ಲಿ, ಬಿಡಲು ಹೆಣಗುತ್ತಿರುವ ಇತರ ಹರೆಯದವರ ಮಾತುಗಳನ್ನೇ ಕಳಿಸುತ್ತಾರೆ. ಇ-ಸಿಗರೇಟು ಬಿಡಬಯಸಿದ, 18ರಿಂದ 24ರ ವಯಸ್ಸಿನ 2,588 ಮಂದಿಯ ಮೇಲೆ ಅದನ್ನು ಪರೀಕ್ಷಿಸಿದಾಗ, ಸಂದೇಶ ಪಡೆದವರಲ್ಲಿ ಶೇ. 24.1, ಪಡೆಯದವರಲ್ಲಿ ಶೇ. 18.6 ಮಂದಿ ಬಿಟ್ಟಿದ್ದರು.

ಹಾಗೆಂದು ಯಾರನ್ನೋ ಕಾವಲಿಗೆ ನೇಮಿಸಿದರೆ ಚಟ ಬಿಡುವುದಿಲ್ಲ. ಸಂಗಾತಿಗೋ ಗೆಳೆಯನಿಗೋ ತರಬೇತಿ ಕೊಟ್ಟು ‘ಇವನನ್ನು ನೋಡಿಕೋ’ ಎಂದ ಪ್ರಯೋಗಗಳನ್ನೆಲ್ಲ ಕಾಕ್ರೇನ್ ಸಂಸ್ಥೆಯ 2018ರ ಸಮೀಕ್ಷೆ ಒರೆಗೆ ಹಚ್ಚಿ, ಬಿಟ್ಟವರ ಸಂಖ್ಯೆ ಅದರಿಂದ ಹೆಚ್ಚಿದ್ದು ಕಾಣಲಿಲ್ಲ ಎಂದಿತು. ಅದೇ ಕಾಕ್ರೇನ್, ಬಿಡಬೇಕೆಂಬವರೇ ಒಟ್ಟಾಗಿ ಕೂರುವ ಗುಂಪುಗಳು ಪುಸ್ತಕ ಓದಿ ಒಂಟಿಯಾಗಿ ಯತ್ನಿಸುವುದಕ್ಕಿಂತ ಬಹಳ ಮೇಲು ಎಂದಿದೆ. ವ್ಯತ್ಯಾಸ ಸಣ್ಣದಲ್ಲ. ಬೇಕಾದವನು ಮೇಲ್ವಿಚಾರಕನಲ್ಲ, ಅದೇ ದಿನ ತಾನೂ ಪ್ಯಾಕೆಟ್ ಎಸೆದವನು.

ಇದು ಯಾಕೆ ಹೀಗೆ ಎಂಬುದು ಬಿಟ್ಟ ಮೊದಲ ವಾರ ಗೊತ್ತಾಗುತ್ತದೆ. ಎರಡು ಮೂರನೆಯ ದಿನ ಸಿಡುಕು, ನಿದ್ದೆಗೇಡು, ಯಾವುದರಲ್ಲೂ ಮನಸ್ಸು ನಿಲ್ಲದ ಸ್ಥಿತಿ. ಚಪಲ ಬಂದರೆ ಕೆಲವೇ ನಿಮಿಷ ಇರುತ್ತದೆ, ಆದರೆ ಅದು ಬರುವುದು ಚಹಾದ ಹೊತ್ತಿಗೇ. ಆ ಕೆಲವು ನಿಮಿಷ ಪಕ್ಕದಲ್ಲಿ ನಿಂತು ‘ನನಗೂ ಹಾಗೇ ಆಗ್ತಿದೆ, ನಡಿ, ಪ್ಯಾಂಟ್ರಿಯಲ್ಲೇ ಚಹಾ ಕುಡಿಯೋಣ’ ಎನ್ನುವವನು ಬೇಕು. ಎರಡು ವಾರದ ಬಳಿಕ ‘ಒಂದೇ ಒಂದು’ ಸೇದಿ ಸೋತು ಬಂದಾಗ ಮತ್ತೆ ಮೊದಲ ದಿನದಿಂದ ಎಣಿಸಲು ಕೂರುವವನೂ ಅವನೇ.

ಇಂಥ ಗುಂಪು ಕಟ್ಟುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಅನಿಲ್ ಮತ್ತು ಸುನಂದಾ ಅವಚಟ್ ದಂಪತಿ 1986ರಲ್ಲಿ ಪುಣೆಯಲ್ಲಿ ಆರಂಭಿಸಿದ ‘ಮುಕ್ತಾಂಗಣ’ ವ್ಯಸನಮುಕ್ತಿ ಕೇಂದ್ರದಲ್ಲಿ ಚಟದಿಂದ ಎದ್ದು ಬಂದವರೇ ಹೊಸಬರಿಗೆ ಆಸರೆ. ಕರಾವಳಿಯ ಮೂಲದ ಡೊಂಬಿವಲಿ ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಶ್ರೀ ಕ್ಷೇತ್ರ ಧರ್ಮಸ್ಥಳದ ಜನಜಾಗೃತಿ ವೇದಿಕೆಯದು. ಮದ್ಯವರ್ಜನ ಶಿಬಿರ ಮುಗಿದ ಮೇಲೆ ಅಲ್ಲಿ ಯಾರನ್ನೂ ಒಂಟಿಯಾಗಿ ಮನೆಗೆ ಬಿಟ್ಟುಬಿಡುವುದಿಲ್ಲ. ಕುಡಿತ ಬಿಟ್ಟವರೇ ಸೇರಿ ‘ನವಜೀವನ ಸಮಿತಿ’ ಕಟ್ಟಿಕೊಂಡು ಭೇಟಿಯಾಗುತ್ತಿರುತ್ತಾರೆ. ಕುಡಿತಕ್ಕೆ ಕಂಡುಕೊಂಡ ದಾರಿ ಸಿಗರೇಟಿಗೂ ಏಕಾಗಬಾರದು? ಡೊಂಬಿವಲಿ ಕರ್ನಾಟಕ ಸಂಘಕ್ಕೆ ಮಂಜುನಾಥ ವಿದ್ಯಾಲಯವಿದೆ, ಕಾಲೇಜಿದೆ. ವಾಶಿಯಿಂದ ಕಲ್ಯಾಣದವರೆಗೆ ನಮ್ಮ ಸಂಘಗಳಿಗೆ ಸಭಾಂಗಣಗಳಿವೆ, ಯುವ ವಿಭಾಗಗಳಿವೆ. ಭಾನುವಾರ ಒಂದು ಗಂಟೆ, ಹತ್ತು ಕುರ್ಚಿ, ಉಪದೇಶವಿಲ್ಲದ ಮಾತು. ಕಂಪನಿ ಬದಲಾದರೂ ಹುಡುಗ ಊರು ಬಿಡುವುದಿಲ್ಲ, ಡೊಂಬಿವಲಿಯಲ್ಲೇ ಇರುತ್ತಾನೆ. ಟಾಟಾ ತಂಡಕ್ಕೆ ಎದುರಾದ ತೊಡಕು ಇಲ್ಲಿ ಅಷ್ಟು ಕಾಡದು.

ಕಾನೂನು ತನ್ನ ಪಾಲಿನದನ್ನು ಮಾಡಿದೆ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವಂತಿಲ್ಲ. 2018ರ ಸೆಪ್ಟೆಂಬರಿನಿಂದ ಪ್ರತಿ ಪ್ಯಾಕೆಟ್ಟಿನ ಮೇಲೂ ಕ್ವಿಟ್‌ಲೈನ್ ಸಂಖ್ಯೆ ಅಚ್ಚಾಗುತ್ತಿದೆ. 2020ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಬಿಡಿ ಸಿಗರೇಟಿನ ಮಾರಾಟವನ್ನೇ ನಿಷೇಧಿಸಿತು. ಆದರೂ ಟಪರಿಯಲ್ಲಿ ಕೇಳಿದವನಿಗೆ ಒಂದೊಂದೇ ಸಿಗುತ್ತದೆ. ಹಾಗೆ ಒಂದೊಂದೇ ಕೊಂಡು ಸೇದುವ ಹುಡುಗನ ಕೈಗೆ ಪ್ಯಾಕೆಟ್ಟು ಬರುವುದೇ ಇಲ್ಲ, ಸಂಖ್ಯೆ ಅವನ ಕಣ್ಣಿಗೆ ಬೀಳುವುದೂ ಇಲ್ಲ. ಇದನ್ನು ಓದುತ್ತಿರುವವರ ಬಳಗದಲ್ಲಿ ಅಂಥವನೊಬ್ಬನಿದ್ದರೆ ಈ ಸಂಖ್ಯೆಯನ್ನು ಅವನ ಫೋನಿನಲ್ಲಿ ಬರೆದುಕೊಡಿ. ನೀವೂ ಸೇದುವವರಾದರೆ ಇಬ್ಬರೂ ಒಂದೇ ದಿನ ಕರೆ ಮಾಡಿ: 1800-11-2356. ಕರೆ ಉಚಿತ.