ಕೊಳವೆಗಿಂತ ಮೊದಲು ಕೋಲು: ವಿಜಾಪುರ ರಸ್ತೆಯಿಂದ ಸ್ನಾರ್ಕೆಲ್‌ನ ಕಥೆ



ಬಿಜಾಪುರದ ಹೆಸರು 2014ರ ನವೆಂಬರ್ 1ರಂದು ವಿಜಯಪುರ ಎಂದಾಯಿತು. ಆದರೆ ಸೊಲ್ಲಾಪುರದಿಂದ ದಕ್ಷಿಣಕ್ಕೆ ಹೊರಡುವ ದಾರಿಗೆ ಊರಿನವರ ಬಾಯಲ್ಲಿ ಇಂದಿಗೂ ವಿಜಾಪುರ ರಸ್ತೆ ಎಂದೇ ಹೆಸರು. ಊರು ದಾಟಿದ ಮೇಲೆ ಈ ರಸ್ತೆ ವಡಕಬಾಳದ ಹತ್ತಿರ ಸೀನಾ ನದಿಯನ್ನು ದಾಟುತ್ತದೆ. ಇನ್ನೂ ಮುಂದೆ ಟಾಕಳಿ ಮತ್ತು ಧೂಳಖೇಡದ ನಡುವೆ ಭೀಮೆಯನ್ನು ದಾಟಿ ಕರ್ನಾಟಕಕ್ಕೆ ಬರುತ್ತದೆ. ಎಂ.ಎಚ್. 13 ಮತ್ತು ಕೆ.ಎ. 28 ನಂಬರಿನ ಗಾಡಿಗಳು ಹಗಲು ರಾತ್ರಿ ಓಡಾಡುವ ಈ ರಸ್ತೆಯಲ್ಲಿ ಈಚೆಗೆ ಒಂದು ಹೊಸ ನೋಟ ಕಾಣುತ್ತಿದೆ. ಕೆಲವು ಥಾರ್ ಮತ್ತು ಗೂರ್ಖಾ ಗಾಡಿಗಳ ಮುಂಗಾಜಿನ ಪಕ್ಕದಲ್ಲಿ ಆನೆಯ ಸೊಂಡಿಲಿನಂತೆ ಕಪ್ಪು ಕೊಳವೆಯೊಂದು ಮೇಲಕ್ಕೆ ಎದ್ದಿರುತ್ತದೆ. ಅದೇ ಸ್ನಾರ್ಕೆಲ್.

ಹೋದ ಮಳೆಗಾಲ ನಮ್ಮ ಗೆಳೆಯರಲ್ಲೊಬ್ಬ ತನ್ನ ಗಾಡಿಗೂ ಅದನ್ನು ಹಾಕಿಸಿದ. ನಾವು ನಾಲ್ವರು ಅಕ್ಕಲಕೋಟ ಕಡೆಯಿಂದ ಹಳ್ಳಿ ದಾರಿ ಹಿಡಿದು ಬರುತ್ತಿದ್ದಾಗ ಒಂದು ಹಳ್ಳ ತುಂಬಿ, ತಗ್ಗು ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. "ಹೊಡಿ, ಕೊಳವೆ ಇದೆಯಲ್ಲ" ಎಂದೆವು. ದಂಡೆಯ ಮೇಲೆ ಕುರಿ ಬಿಟ್ಟುಕೊಂಡು ನಿಂತಿದ್ದ ಒಬ್ಬ ಅಜ್ಜ ಕೋಲು ಅಡ್ಡ ಹಿಡಿದ. "ತಮ್ಮಾ, ಗಾಡಿಗಿ ಮೂಗು ಹಚ್ಚೀರಿ, ಖರೆ. ತಳಾ ಯಾರು ನೋಡ್ಯಾರ?" ಎಂದು ಕೇಳಿದ. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ನಮ್ಮನ್ನು ಈ ಕೊಳವೆಯ ಇತಿಹಾಸ ಹುಡುಕುವಂತೆ ಮಾಡಿತು.

ಸ್ನಾರ್ಕೆಲ್ ಹುಟ್ಟಿದ್ದು ರಸ್ತೆಯ ಮೇಲಲ್ಲ, ಸಮುದ್ರದಲ್ಲಿ. 1930ರ ದಶಕದಲ್ಲಿ ಯಾನ್ ಯಾಕೋಬ್ ವಿಖರ್ಸ್ ಎಂಬ ಡಚ್ ನೌಕಾಧಿಕಾರಿ, ಜಲಾಂತರ್ಗಾಮಿಯೊಂದು ನೀರೊಳಗೆ ಇದ್ದುಕೊಂಡೇ ಡೀಸೆಲ್ ಎಂಜಿನ್ ಓಡಿಸಲು ಗಾಳಿಯ ಕೊಳವೆಯನ್ನು ರೂಪಿಸಿದರು. 1939ರಲ್ಲಿ ಸೇವೆಗೆ ಬಂದ ಓ-19 ಎಂಬ ಡಚ್ ಜಲಾಂತರ್ಗಾಮಿಯಲ್ಲಿ ಅಂಥ ಕೊಳವೆ ಇತ್ತು. 1940ರಲ್ಲಿ ಜರ್ಮನರು ನೆದರ್‌ಲ್ಯಾಂಡ್ಸ್ ಹಿಡಿದಾಗ ಆ ವಿದ್ಯೆಯೂ ಅವರ ಕೈಗೆ ಸಿಕ್ಕಿತು. 'ಶ್ನೋರ್ಖೆಲ್' ಎಂಬ ಜರ್ಮನ್ ಪದ ಮೂಗಿಗೆ ಆಡುಮಾತಿನಲ್ಲಿದ್ದ ಹೆಸರು. ಗೊರಕೆಗೆ ಆ ಭಾಷೆಯಲ್ಲಿರುವ ಪದಕ್ಕೆ ಹತ್ತಿರದ ನೆಂಟ. ಅಜ್ಜ 'ಮೂಗು' ಎಂದದ್ದು ಹೀಗೆ ಅಕ್ಷರಶಃ ಸರಿಯಾಗಿತ್ತು!

ನೆಲದ ಮೇಲಿನ ಗಾಡಿಗಳಿಗೆ ಇದು ಬಂದದ್ದೂ ಅದೇ ಯುದ್ಧದಲ್ಲಿ. 1941ರ ಜೂನ್ 22ರಂದು ಸೋವಿಯತ್ ಒಕ್ಕೂಟದ ಮೇಲೆ ದಾಳಿ ಶುರುವಾದ ದಿನ, ಜರ್ಮನರ ಕೆಲವು ಟ್ಯಾಂಕುಗಳು ಗಾಳಿಯ ಕೊಳವೆ ಕಟ್ಟಿಕೊಂಡು ಬುಗ್ ನದಿಯನ್ನು ದಾಟಿದವು. 1944ರ ಜೂನ್ 6ರಂದು ನಾರ್ಮಂಡಿಯ ತೀರದಲ್ಲಿ ಮಿತ್ರರಾಷ್ಟ್ರಗಳ ಶರ್ಮನ್ ಟ್ಯಾಂಕುಗಳು ಎತ್ತರದ ಗಾಳಿ ಪೆಟ್ಟಿಗೆಗಳೊಂದಿಗೆ ಹಡಗಿನಿಂದ ನೀರಿಗಿಳಿದವು. ಅದೇ ಕಾಲದಲ್ಲಿ ಜೀಪುಗಳ ಎಂಜಿನ್ನಿಗೂ ಮೇಣದಂಥ ಅಂಟು ಬಳಿದು, ಗಾಳಿ ಎಳೆಯುವ ಬಾಯಿಯನ್ನು ಎತ್ತರಿಸಿದರು.

ಆ ಜೀಪಿನ ವಂಶವೇ ನಮ್ಮ ದೇಶಕ್ಕೂ ಬಂತು. 1945ರಲ್ಲಿ ಆರಂಭವಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ವಿಲ್ಲಿಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸಿ ಮಾರಿದ್ದು ಇದೇ ಕಂಪನಿ. 2010ರಲ್ಲಿ ಬಂದ ಥಾರ್ ಮತ್ತು 2020ರ ಅಕ್ಟೋಬರ್ 2ರಂದು ಬಂದ ಹೊಸ ಥಾರ್ ಆ ಜೀಪಿನ ಮರಿಮಕ್ಕಳು. ಪುಣೆಯ ಫೋರ್ಸ್ ಕಂಪನಿಯ ಗೂರ್ಖಾ ಗಾಡಿಗೆ ಸ್ನಾರ್ಕೆಲ್ ಕಾರ್ಖಾನೆಯಿಂದಲೇ ಬರುತ್ತದೆ.

ಈ ಕೊಳವೆ ಮಾಡುವ ಕೆಲಸವೇನು? ಎಂಜಿನ್ ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಗಾಳಿಯ ಬದಲು ನೀರು ಒಳಗೆ ಹೋದರೆ ಪಿಸ್ಟನ್ ಮೇಲೇರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಅಲ್ಲೇ ನಿಲ್ಲುತ್ತದೆ. ಮಾಮೂಲಿ ಗಾಡಿ ಗಾಳಿ ಎಳೆಯುವುದು ಬಾನೆಟ್ಟಿನ ಕೆಳಗಿನಿಂದ. ಸ್ನಾರ್ಕೆಲ್ ಆ ಬಾಯಿಯನ್ನು ಛಾವಣಿಯ ಮಟ್ಟಕ್ಕೆ ಒಯ್ಯುತ್ತದೆ. ನಮ್ಮ ಎರೆಮಣ್ಣಿನ ನಾಡಿನಲ್ಲಿ ಬೇಸಿಗೆಗೂ ಇದರಿಂದ ಲಾಭವುಂಟು: ಮುಂದಿನ ಗಾಡಿ ಎಬ್ಬಿಸಿದ ಧೂಳು ಚಕ್ರದ ಮಟ್ಟದಲ್ಲಿ ಇರುವಷ್ಟು ದಟ್ಟವಾಗಿ ಮೇಲೆ ಇರುವುದಿಲ್ಲ, ಏರ್ ಫಿಲ್ಟರ್ ಹೆಚ್ಚು ದಿನ ಬಾಳುತ್ತದೆ.

ಗೆಳೆಯನ ಗಾಡಿಗೆ ಹಾಕುವಾಗ ನಾವು ಪಕ್ಕದಲ್ಲೇ ನಿಂತು ನೋಡಿದೆವು. ಮೊದಲು ಕಾಗದದ ಅಚ್ಚನ್ನು ಮಡ್‌ಗಾರ್ಡಿನ ಮೇಲೆ ಅಂಟಿಸಿ ಗುರುತು ಹಾಕಿದರು. ಸಣ್ಣ ತೂತು ಕೊರೆದು, ಆಮೇಲೆ ಅದನ್ನು ದೊಡ್ಡದು ಮಾಡಿದರು. ಕೊರೆದ ಅಂಚನ್ನು ಅರದಿಂದ ಉಜ್ಜಿ ಬಣ್ಣ ಬಳಿದರು, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ನಿಜವಾದ ಕೆಲಸ ಇರುವುದು ಹೊರಗೆ ಕಾಣುವ ಕೊಳವೆಯಲ್ಲಲ್ಲ, ಒಳಗಿನ ಬೆಸುಗೆಗಳಲ್ಲಿ. ಏರ್ ಫಿಲ್ಟರ್ ಪೆಟ್ಟಿಗೆಯ ಕೆಳಗಿನ ಸಣ್ಣ ತೂತು, ಪೈಪುಗಳ ಕೀಲುಗಳು, ಎಲ್ಲವೂ ಭದ್ರವಾಗಿರಬೇಕು. ಎಂಜಿನ್ ಓಡುವಾಗ ಕೊಳವೆಯ ಬಾಯಿ ಮುಚ್ಚಿದರೆ ಎಂಜಿನ್ ಉಸಿರುಗಟ್ಟಿ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಸಂದಿಯಿದೆ ಎಂದರ್ಥ. ಅದೇ ಸಂದಿಯಿಂದ ನಾಳೆ ನೀರೂ ಬರುತ್ತದೆ. ಆಕ್ಸಲ್‌ಗೂ ಉಸಿರಾಟದ ನಳಿಕೆ ಇರುತ್ತದೆ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಆ ನಳಿಕೆಯನ್ನೂ ಮೇಲಕ್ಕೆ ಏರಿಸಬೇಕು.

ಇನ್ನೊಂದು ಮಾತು. ಗಾಡಿಯನ್ನು ಮನಬಂದಂತೆ ಬದಲಿಸಲು ಕಾನೂನು ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದನ್ನು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಹೊರಗಿನಿಂದ ಹಾಕಿಸುವವರು ಮೊದಲು ಆರ್.ಟಿ.ಒ. ಕಚೇರಿಯಲ್ಲಿ ಕೇಳುವುದು ಒಳ್ಳೆಯದು.

ಈಗ ಅಜ್ಜನ ಪ್ರಶ್ನೆಗೆ ಬರೋಣ. ಕೊಳವೆ ಎಂಜಿನ್ನಿಗೆ ಉಸಿರು ಕೊಡುತ್ತದೆ. ಆದರೆ ಹರಿವ ನೀರಿನಲ್ಲಿ ಗಾಡಿಯನ್ನು ನೆಲಕ್ಕೆ ಹಿಡಿದು ನಿಲ್ಲಿಸುವುದು ಎಂಜಿನ್ ಅಲ್ಲ, ಗಾಡಿಯ ತೂಕ. ಹೊಸ ಥಾರ್ 650 ಮಿಲಿಮೀಟರ್, ಗೂರ್ಖಾ 700 ಮಿಲಿಮೀಟರ್ ನೀರಿನಲ್ಲಿ ಹೋಗಬಲ್ಲದು ಎಂದು ಕಂಪನಿಗಳು ಹೇಳುತ್ತವೆ. ಆ ಲೆಕ್ಕ ತಳ ಗಟ್ಟಿಯಿರುವ, ಸೆಳೆತವಿಲ್ಲದ ನೀರಿಗೆ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಜನರಿಗೆ ಕೊಡುವ ಎಚ್ಚರಿಕೆ ಹೀಗಿದೆ: ರಭಸದಿಂದ ಹರಿಯುವ 1 ಅಡಿ ನೀರು ಬಹುಪಾಲು ಕಾರುಗಳನ್ನು, 2 ಅಡಿ ನೀರು ದೊಡ್ಡ ಗಾಡಿಗಳನ್ನೂ ಎತ್ತಿಕೊಂಡು ಹೋಗಬಲ್ಲದು. 2 ಅಡಿ ಎಂದರೆ ಸುಮಾರು 610 ಮಿಲಿಮೀಟರ್. ಕಂಪನಿ ಹೇಳುವ ಆಳ ಮುಟ್ಟುವ ಮೊದಲೇ ಗಾಡಿ ತೇಲಬಹುದು!

ನಮ್ಮ ಸೀಮೆಯ ಇತಿಹಾಸವೂ ಇದನ್ನೇ ಹೇಳುತ್ತದೆ. 1948ರ ಸೆಪ್ಟೆಂಬರ್ 13ರಂದು ಹೈದರಾಬಾದ್ ಕಾರ್ಯಾಚರಣೆಗೆ ಭಾರತೀಯ ಸೈನ್ಯದ ಮುಖ್ಯ ದಳ ಹೊರಟಿದ್ದು ಸೊಲ್ಲಾಪುರದ ಕಡೆಯಿಂದ, ಮೇಜರ್ ಜನರಲ್ ಜೆ.ಎನ್. ಚೌಧರಿಯವರ ನಾಯಕತ್ವದಲ್ಲಿ. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಮೊದಲ ಕಾಳಗ ನಡೆದ ನಳದುರ್ಗದಲ್ಲಿ ಸೈನ್ಯ ಧಾವಿಸಿದ್ದು ಬೋರಿ ನದಿಯ ಸೇತುವೆಗಾಗಿ. ಅದು ಒಡೆಯುವ ಮೊದಲೇ ಅದನ್ನು ಹಿಡಿದುಕೊಂಡಿತು. ಅದೇ ಬೋರಿ ಮುಂದೆ ಅಕ್ಕಲಕೋಟ ತಾಲ್ಲೂಕಿನಲ್ಲಿ ಹರಿದು ಭೀಮೆಯನ್ನು ಸೇರುತ್ತದೆ. ಟ್ಯಾಂಕುಗಳಿದ್ದ ಸೈನ್ಯಕ್ಕೇ ನೀರಿಗಿಂತ ಸೇತುವೆ ಮೇಲೆನಿಸಿತು.

ಅದಕ್ಕೂ ಮುಂಚೆ, 1884ರಲ್ಲಿ ಗದಗ–ಹೊಟಗಿ ರೈಲು ಬರುವವರೆಗೆ, ಮಳೆಗಾಲದಲ್ಲಿ ವಿಜಾಪುರ ಸೀಮೆಯಿಂದ ಸೊಲ್ಲಾಪುರಕ್ಕೆ ಹೋಗುವವರು ಭೀಮೆಯ ದಂಡೆಯಲ್ಲಿ ಅಂಬಿಗನಿಗಾಗಿ ಕಾಯಬೇಕಿತ್ತು. ಅಂಬಿಗನ ಬಂಡವಾಳ ದೋಣಿಯಷ್ಟೇ ಅಲ್ಲ. ಎಲ್ಲಿ ಸುಳಿ, ಎಲ್ಲಿ ಬಂಡೆ, ಯಾವ ದಿನ ದಾಟಬಾರದು ಎಂಬ ತಿಳಿವಳಿಕೆಯೇ ಅವನ ದೊಡ್ಡ ಬಂಡವಾಳ. ಅವನ ಕೈಯ ಗಳ ಮೊದಲು ತಳವನ್ನು ಮುಟ್ಟಿ ನೋಡುತ್ತಿತ್ತು. ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ಟೋಫರರ ಚಿತ್ರವನ್ನು ನೆನಪಿಸಿಕೊಳ್ಳಿ. ಮಗುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುವ ಅವರ ಕೈಯಲ್ಲೂ ಒಂದು ಕೋಲಿದೆ. ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಆ ಚಿತ್ರ ಅಂಟಿಸುವ ನಾವು ಕೋಲನ್ನು ಗಮನಿಸಿದ್ದು ಕಡಿಮೆ.

ಕಾಡು ದಾರಿಯಲ್ಲಿ ಗಾಡಿ ಓಡಿಸಿ ಪಳಗಿದವರೂ ಹಾಗೆಯೇ ಮಾಡುತ್ತಾರೆ. ಮೊದಲು ಒಬ್ಬರು ಕೋಲು ಹಿಡಿದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಸೆಳೆತವಿಲ್ಲದ ನೀರಿನಲ್ಲಿ ನಡೆದು ನೋಡುತ್ತಾರೆ. ನಡೆಯಲು ಆಗದ ಕಡೆ ಗಾಡಿಯನ್ನೂ ಇಳಿಸುವುದಿಲ್ಲ. ಇಳಿದ ಮೇಲೆ ಫೋರ್ ವೀಲ್ ಲೋ ಗೇರಿನಲ್ಲಿ, ಗೇರ್ ಬದಲಿಸದೆ, ನಡಿಗೆಯ ವೇಗದಲ್ಲಿ ಸಾಗುತ್ತಾರೆ. ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡದೆ ಹಗ್ಗ ಕಟ್ಟಿ ಎಳೆಸುತ್ತಾರೆ. ದಾಟಿದ ಮೇಲೆ ಬ್ರೇಕ್ ಒತ್ತಿ ಒಣಗಿಸಿ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆಯೇ ಎಂದು ನೋಡುತ್ತಾರೆ.

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಎರಡೂ ರಾಜ್ಯಗಳ ಊರುಗಳು ಮುಳುಗಿದ್ದನ್ನು ನಾವು ಕಂಡಿದ್ದೇವೆ. 2025ರ ಸೆಪ್ಟೆಂಬರ್‌ನಲ್ಲಿ ಸೀನಾ ಉಕ್ಕಿ ಇದೇ ವಿಜಾಪುರ ರಸ್ತೆಯ ಸಂಚಾರ ನಿಂತಿತು. ಅಂಥ ಹೊತ್ತಿನಲ್ಲಿ ಪೊಲೀಸರು ಹಾಕಿದ ಅಡ್ಡಗಟ್ಟೆ ಸ್ನಾರ್ಕೆಲ್ ಇದ್ದವರಿಗೂ ಅಡ್ಡಗಟ್ಟೆಯೇ.

ಆ ದಿನ ನಾವು ಹಿಂದಿರುಗಿ ಬಳಸು ದಾರಿ ಹಿಡಿದೆವು. ಎರಡು ದಿನ ಬಿಟ್ಟು ನೀರಿಳಿದ ಮೇಲೆ ಹೋಗಿ ನೋಡಿದರೆ ತಗ್ಗು ಸೇತುವೆಯ ನಡುವಿನ ಒಂದು ತುಂಡು ಕೊಚ್ಚಿ ಹೋಗಿತ್ತು. ನಾವು ನಾಲ್ವರೂ ಬಹಳ ಹೊತ್ತು ಮಾತಾಡಲಿಲ್ಲ. ಕುರಿಯ ಅಜ್ಜನಿಗೆ ಧನ್ಯವಾದ ಹೇಳೋಣವೆಂದರೆ ಅವನು ಅಲ್ಲಿರಲಿಲ್ಲ. ಈಗ ಗೆಳೆಯನ ಗಾಡಿಯ ಹಿಂಬದಿಯಲ್ಲಿ ಸ್ಟೆಪ್ನಿಯ ಪಕ್ಕ ಒಂದು ಉದ್ದನೆಯ ಬಿದಿರು ಕೋಲು ಯಾವಾಗಲೂ ಇರುತ್ತದೆ.

ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ: ಸೇತುವೆ ಇಲ್ಲದ ಕಾಲದಲ್ಲಿ ನಿಮ್ಮ ಊರಿನ ಹಳ್ಳವನ್ನು ಮಳೆಗಾಲದಲ್ಲಿ ಹೇಗೆ ದಾಟುತ್ತಿದ್ದರು? ಅವರು ಹೇಳಿದ್ದನ್ನು ಬರೆದಿಡಿ. ಮುಂದಿನ ಮಳೆಗೆ ಬೇಕಾಗುತ್ತದೆ.